ಕಿವಿರಾಯನ ಗ್ಯಾರೇಜು

ನನ್ನ ಗೆಳೆಯ ಮಹಾ ಸಿಡುಕ. ಸತ್ತನೆಂದು ನಾನು ಆ ಮಾತನ್ನು ತಿದ್ದುವುದಿಲ್ಲ. ಬಾಗಿಲಿಗೆ ಬಂದವರಿಗೆ ಕೂತುಕೊಳ್ಳಿ ಅನ್ನುತ್ತಿರಲಿಲ್ಲ. ಕೂತರೆ, ಯಾಕೆ ಕೂತಿರಿ ಎಂಬಂತೆ ನೋಡುತ್ತಿದ್ದ. ಮೂವತ್ತೊಂದು ವರ್ಷ ಅಕಾರ್ಡಿಯನ್, ಅಂದರೆ ಎದೆಗೆ ತೂಗಿಕೊಂಡು ನುಡಿಸುವ ಹಾರ್ಮೋನಿಯಂನಂಥ ಪೆಟ್ಟಿಗೆ, ರಿಪೇರಿ ಮಾಡಿದ. ಬೀದಿಯವರು ಅವನನ್ನು ಕಿವಿರಾಯ ಎಂದು ಕರೆಯುತ್ತಿದ್ದರು, ಅರ್ಧ ಗೌರವಕ್ಕೆ, ಅರ್ಧ ಗೇಲಿಗೆ.

ಅಪ್ಪನ ಮನೆ ಪಾಲಾದಾಗ ಮುಂಭಾಗ ಅಣ್ಣನಿಗೆ ಹೋಯಿತು. ಹಿಂದಿನ ಎರಡು ಕೋಣೆ ಮತ್ತು ಪಕ್ಕದ ಗ್ಯಾರೇಜು ಇವನಿಗೆ ಬಂದವು. ಅಣ್ಣ ಬಸ್ ಡ್ರೈವರಾಗಿದ್ದು ನಿವೃತ್ತನಾದವನು. ಅವನಿಗೆ ಕಾರಿತ್ತು, ಗ್ಯಾರೇಜಿರಲಿಲ್ಲ. ತಮ್ಮನಿಗೆ ಗ್ಯಾರೇಜಿತ್ತು, ಕಾರಿರಲಿಲ್ಲ. ಜಗಳಕ್ಕೆ ಇನ್ನೇನು ಬೇಕು?

"ಪೆಟ್ಟಿಗೆ ಕುಯ್ಯೋಕೆ ಅಷ್ಟು ದೊಡ್ಡ ಜಾಗ ಬೇಕಾ? ನನ್ನ ಗಾಡಿ ಬೀದೀಲಿ ಬಣ್ಣ ಕಳಕೊಳ್ತಾ ಇದೆ."

"ನಿನ್ನ ಗಾಡಿಗೆ ಬಣ್ಣ ಹೋದರೂ ಓಡತ್ತೆ. ನನ್ನ ಪೆಟ್ಟಿಗೆ ಶ್ರುತಿ ಹೋದ್ರೆ ಸೌದೆ."

ಅವನು ಹೇಳಿದ್ದರಲ್ಲಿ ಉತ್ಪ್ರೇಕ್ಷೆ ಇರಲಿಲ್ಲ. ಅಕಾರ್ಡಿಯನ್ ಹೊಟ್ಟೆಯೊಳಗೆ ನೂರಾರು ರೀಡುಗಳಿರುತ್ತವೆ, ತೆಳ್ಳಗಿನ ಉಕ್ಕಿನ ನಾಲಿಗೆಗಳು. ಅರದಿಂದ ಕೂದಲೆಳೆಯಷ್ಟು ಉಜ್ಜಿದರೆ ಸ್ವರ ಏರುತ್ತದೆ, ಇಲ್ಲವೆ ಇಳಿಯುತ್ತದೆ. ಚಳಿ ಕೊರೆಯುವ ಕೋಣೆಯಲ್ಲಿ ಸರಿಮಾಡಿದ ರೀಡು ಬೆಚ್ಚನೆಯ ಸಭಾಂಗಣದಲ್ಲಿ ಅಪಸ್ವರ ನುಡಿಯುತ್ತದೆ. ಬೇಸಿಗೆಯಲ್ಲಿ ಗ್ಯಾರೇಜಿನ ತಗಡಿನ ಶಟರು ಬಿಸಿಲಿಗೆ ಕಾದರೆ, ರೀಡುಗಳನ್ನು ಹಿಡಿದಿಡುವ ಮೇಣ ಮೆತ್ತಗಾಗಿ ಅವು ಜಾರಿಬಿಡುತ್ತವೆ. ಚಳಿಗಾಲದಲ್ಲಿ ಒಂದು ಹೀಟರ್ ಇಟ್ಟು ನೋಡಿದ. ಬಲಗಾಲು ಬೆಂದಿತು, ಎಡಗೈ ಮರಗಟ್ಟಿತು, ಮೇಜಿನ ಒಂದು ತುದಿಯ ಸ್ವರಕ್ಕೂ ಇನ್ನೊಂದು ತುದಿಯ ಸ್ವರಕ್ಕೂ ಮಾತುಕತೆಯೇ ಇರಲಿಲ್ಲ. ವರ್ಷಕ್ಕೆ ಐದು ತಿಂಗಳು ಕೆಲಸ ನಿಂತುಹೋಗುತ್ತಿತ್ತು.

ಕೊನೆಗೆ ಹೀಟ್ ಪಂಪ್ ಹಾಕಿಸಿದ. ಚಳಿಯಲ್ಲಿ ಹೊರಗಿನ ಗಾಳಿಯಿಂದಲೇ ಶಾಖ ಹೀರಿ ಒಳಗೆ ತರುವ, ಬೇಸಿಗೆಯಲ್ಲಿ ಒಳಗಿನ ಶಾಖವನ್ನು ಹೊರಗೆ ಸಾಗಿಸುವ ಯಂತ್ರ. ಕೂರಿಸಲು ಬಂದವನು ಶಟರು ನೋಡಿ ನಕ್ಕ.

"ಮೊದಲು ಈ ಸಂದಿಗೊಂದಿ ಮುಚ್ಚಿ ಸಾರ್. ಇಲ್ಲಾಂದ್ರೆ ಬೀದಿನೆಲ್ಲಾ ಬೆಚ್ಚಗೆ ಮಾಡ್ತಾ ಕೂತಿರ್ತೀರ."

ನನ್ನ ಗೆಳೆಯ ಅವನಿಗೂ ಬೈದ. ಆಮೇಲೆ ಒಂದು ತಿಂಗಳು ಕೂತು ಶಟರಿಗೆ ಒಳಗಿನಿಂದ ಫೋಮಿನ ಹಲಗೆ ಹೊಡೆದ, ಅಂಚಿಗೆಲ್ಲ ರಬ್ಬರ್ ಪಟ್ಟಿ ಅಂಟಿಸಿದ, ತಾರಸಿಯ ಕೆಳಗೂ ಹಲಗೆ ಕೂರಿಸಿದ. ವರ್ಷವಿಡೀ ಇಪ್ಪತ್ತು ಡಿಗ್ರಿ. ಅವನು ಸುಖವಾಗಿದ್ದದ್ದನ್ನು ನಾನು ಕಂಡಿದ್ದು ಆಗ ಮಾತ್ರ. ಆಗಲೂ ನನಗೆ ಕುರ್ಚಿ ಕೊಡಲಿಲ್ಲ.

ಯಂತ್ರದ ಹೊರಭಾಗಕ್ಕೆ ಇದ್ದ ಜಾಗ ಒಂದೇ, ಮನೆಯ ಪಕ್ಕದ ಓಣಿ, ಸರಿಯಾಗಿ ಅತ್ತಿಗೆಯ ಅಡುಗೆಮನೆ ಕಿಟಕಿಯ ಕೆಳಗೆ. ಬೇಸಿಗೆಯಲ್ಲಿ ಅದು ಬಿಸಿಗಾಳಿ ಉಗುಳುತ್ತಿತ್ತು. ಚಳಿಯಲ್ಲಿ ತಣ್ಣನೆಯ ಗಾಳಿ ಊದಿ, ತನ್ನ ಮೇಲೆ ಕಟ್ಟಿದ ಮಂಜನ್ನು ಆಗಾಗ ಕರಗಿಸಿ ನೀರು ಬಿಡುತ್ತಿತ್ತು.

"ಬೇಸಿಗೇಲಿ ಬಿಸಿ ನಮಗೆ, ಚಳೀಲಿ ಥಂಡಿ ನಮಗೆ, ತನಗೆ ಮಾತ್ರ ವರ್ಷವೆಲ್ಲಾ ವಸಂತ!" ಎಂದು ಅತ್ತಿಗೆ ಕಿಟಕಿಯಿಂದಲೇ ಕೂಗುತ್ತಿದ್ದರು. "ಸಾಲದ್ದಕ್ಕೆ ನಿನ್ನ ಮೆಷಿನ್ನು ನನ್ನ ಬಾಗಿಲಲ್ಲಿ ಉಚ್ಚೆ ಬೇರೆ ಹುಯ್ಯತ್ತೆ!"

"ನಾಲ್ಕು ಹನಿಗೆ ಇಷ್ಟು ಗಲಾಟೆಯಾ? ಕಿಟಕಿ ಮುಚ್ಚಿ ಅತ್ತಿಗೆ, ಎರಡೂ ನಿಲ್ಲತ್ತೆ, ಗಾಳಿಯೂ, ಮಾತೂ."

ಇವನದ್ದೂ ತಪ್ಪಿತ್ತು. ಒಂದು ಕೊಳವೆ ಇಟ್ಟು ನೀರನ್ನು ಚರಂಡಿಗೆ ಬಿಡು ಎಂದು ನಾನೇ ಹೇಳಿದೆ. ಬೇಕೆಂದೇ ಇಡಲಿಲ್ಲ.

ಅಣ್ಣ ಹೊಡೆದದ್ದು ಸರಿಯಾದ ಜಾಗಕ್ಕೆ. ರೀಡು ಆಲಿಸುವಾಗ ಯಂತ್ರದ ಸಣ್ಣ ಗುಂಯ್‌ಗುಡುವಿಕೆಯೂ ಅಡ್ಡ ಬರುತ್ತದೆ. ಆದ್ದರಿಂದ ತಮ್ಮ ಅದನ್ನು ನಿಲ್ಲಿಸಿ ಹದಿನೈದು ನಿಮಿಷ ಕಿವಿಗೊಡುತ್ತಿದ್ದ. ಅಷ್ಟು ಹೊತ್ತು ಕೋಣೆ ಬಿಸಿ ಹಿಡಿದಿಟ್ಟುಕೊಳ್ಳುತ್ತಿತ್ತು. ಆಮೇಲೆ ಮತ್ತೆ ಹಾಕುತ್ತಿದ್ದ. ಅಣ್ಣ ಇದನ್ನು ಕಂಡುಹಿಡಿದ. ಯಂತ್ರ ನಿಂತಿತೋ, ಇವನು ಆಲಿಸುತ್ತಿದ್ದಾನೆ. ಆಗ ಸ್ಪ್ಯಾನರ್ ತೆಗೆದುಕೊಂಡು ನಡುಗೋಡೆಯ ನೀರಿನ ಪೈಪಿಗೆ ಢಣಢಣ ಕುಟ್ಟುತ್ತಿದ್ದ. ಅವನು ಮನೆಯಲ್ಲಿಲ್ಲದಿದ್ದರೆ ಆ ಡ್ಯೂಟಿ ಅತ್ತಿಗೆಯದು. ಗಂಡ ಹೆಂಡತಿ ಬೇರೆ ಯಾವ ವಿಷಯಕ್ಕೂ ಅಷ್ಟು ಒಗ್ಗಟ್ಟಾಗಿದ್ದದ್ದನ್ನು ನಾನು ಕಾಣೆ.

ಅದೂ ಸಾಲದೆ, ಯಂತ್ರದ ಸದ್ದಿಗೆ ನಿದ್ದೆಯಿಲ್ಲ ಎಂದು ಅಣ್ಣ ನಗರಸಭೆಗೆ ದೂರು ಕೊಟ್ಟ. ದೂರು ನಿಜವೆಂದಾದರೆ ಯಂತ್ರ ಕೀಳಬೇಕು. ಯಂತ್ರ ಹೋದರೆ ಗ್ಯಾರೇಜು ಮತ್ತೆ ಐಸಿನ ಪೆಟ್ಟಿಗೆ. ನನ್ನ ಗೆಳೆಯನಿಗೆ ಆಗ ಐವತ್ತೊಂಬತ್ತು, ಬೇರೆ ಕಸುಬು ಬಾರದು. "ಕಿತ್ತರೆ ಮುಗೀತು ಕಣೋ," ಎಂದ. ಅವನು ಹೆದರಿದ್ದನ್ನು ನಾನು ನೋಡಿದ್ದು ಆ ಒಂದೇ ಸಲ.

ಮಧ್ಯಾಹ್ನ ಬರುತ್ತೇನೆಂದಿದ್ದ ನಗರಸಭೆಯ ಇನ್ಸ್‌ಪೆಕ್ಟರಮ್ಮ ಬೆಳಗ್ಗೆಯೇ ಬಂದರು. ಕೈಯಲ್ಲಿ ಸದ್ದು ಅಳೆಯುವ, ಟಾರ್ಚಿನಂಥ ಮೀಟರು. ಓಣಿಯಲ್ಲಿ ನಾವು ನಾಲ್ಕು ಜನ. ಅಣ್ಣ ಕೈಕಟ್ಟಿ, ಆಗಲೇ ಗೆದ್ದವನ ಹಾಗೆ ನಿಂತಿದ್ದ. ಅವರು ಯಂತ್ರ ಓಡುತ್ತಿದ್ದಂತೆಯೇ ಒಮ್ಮೆ ಅಳೆದು ಬರೆದುಕೊಂಡರು.

"ಈಗ ನಿಲ್ಲಿಸಿ. ಇದಿಲ್ಲದೆ ಎಷ್ಟು ಸದ್ದು ಇರತ್ತೆ ನೋಡಬೇಕು."

ಗೆಳೆಯ ರಿಮೋಟ್ ಒತ್ತಿದ. ಯಂತ್ರ ಉಸಿರುಬಿಟ್ಟು ನಿಂತಿತು. ಒಳಗಿದ್ದ ಅತ್ತಿಗೆಗೆ ಇವರು ಬಂದದ್ದೇ ಗೊತ್ತಿಲ್ಲ.

ಢಣ್! ಢಣ್! ಢಣ್!

"ಏಯ್, ಸಾಕು!" ಎಂದು ಅಣ್ಣ ಕಿಟಕಿಗೆ ಕೂಗಿದ.

"ಸಾಕಾ? ಇವತ್ತು ಅವನ ಕಿವಿ ಹರಿದು ಕೈಗೆ ಬರಬೇಕು, ನೀವು ಸುಮ್ನಿರಿ!" ಒಳಗಿನಿಂದ ಇನ್ನೂ ಜೋರಾಗಿ ಬಿತ್ತು.

ಇನ್ಸ್‌ಪೆಕ್ಟರಮ್ಮ ಅಂಕಿ ನೋಡಿದರು, ಕಿಟಕಿ ನೋಡಿದರು. "ಹಾಕಿದಾಗ ನಲವತ್ತೆರಡು ಡೆಸಿಬೆಲ್. ನಿಲ್ಲಿಸಿದಾಗ ಎಂಬತ್ತೊಂದು. ಆಫ್ ಮಾಡಿದ್ರೆ ಸದ್ದು ಜಾಸ್ತಿ ಆಗೋ ಮೆಷಿನ್ನು ಇದೇ ಮೊದಲು ನೋಡ್ತಿರೋದು."

ದೂರು ಬಿದ್ದುಹೋಯಿತು. ಇನ್ನು ಕುಟ್ಟಿದರೆ ನಿಮ್ಮ ಮೇಲೆಯೇ ಕ್ರಮ ಎಂದು ಅಣ್ಣನಿಗೆ ಬರೆದು ಕೊಟ್ಟರು. ನನ್ನ ಗೆಳೆಯ ಆ ಪತ್ರದ ಪ್ರತಿ ಕೇಳಿ ಪಡೆದು ಶಟರಿನ ಹೊರಗೆ, ಅಣ್ಣನಿಗೆ ಕಾಣುವ ಹಾಗೆ ಅಂಟಿಸಿದ. ಅವನು ದೊಡ್ಡ ಮನಸ್ಸಿನವನೆಂದು ನಾನು ಹೇಳಲಿಲ್ಲವಲ್ಲ.

ಆಮೇಲೆ ಎರಡು ವರ್ಷ ನೆಮ್ಮದಿಯಾಗಿ ದುಡಿದ. ಮೂರನೆಯ ಚಳಿಗಾಲದ ಒಂದು ಮಧ್ಯಾಹ್ನ ಮೇಜಿನ ಮುಂದೆಯೇ ಎದೆ ನಿಂತುಹೋಯಿತು. ನನಗೆ ಫೋನ್ ಮಾಡಿದ್ದು ಅಣ್ಣ.

"ಹನ್ನೊಂದಕ್ಕೆ ಮೆಷಿನ್ನು ನಿಲ್ಲಿಸ್ತಿದ್ದ ಮೇಷ್ಟ್ರೇ, ಹನ್ನೊಂದೂಕಾಲಿಗೆ ಹಾಕ್ತಿದ್ದ. ಮತ್ತೆ ಹನ್ನೆರಡಕ್ಕೆ. ಅವತ್ತು ನಿಲ್ಲಿಸಲೇ ಇಲ್ಲ. ಎರಡು ಗಂಟೆಗೆ ಹೋಗಿ ಶಟರ್ ಎತ್ತಿದೆ."

"ಅಷ್ಟೆಲ್ಲಾ ಗೊತ್ತಿದ್ದೂ ಕುಟ್ಟಿದ್ರಲ್ಲ."

"ಗೊತ್ತಿದ್ದದ್ದಕ್ಕೇ ಕುಟ್ಟಿದ್ದು. ನೀವು ಬಂದು ಎಷ್ಟು ದಿನ ಆಗಿತ್ತು?"

ಐದು ವಾರವಾಗಿತ್ತು. ಯಾವುದೋ ಮಾತಿಗೆ ಮುನಿಸಿಕೊಂಡು ನಾನು ಹೋಗಿರಲಿಲ್ಲ. ಆ ಪ್ರಶ್ನೆ ಕೇಳಿದ್ದಕ್ಕೂ ಸೇರಿಸಿ ನಾನು ಆ ಮನುಷ್ಯನನ್ನು ದ್ವೇಷಿಸುತ್ತೇನೆ.

ಗೆಳೆಯನಿಗೆ ಹೆಂಡತಿ ಮಕ್ಕಳಿಲ್ಲ. ಗ್ಯಾರೇಜು ಅಣ್ಣನದಾಯಿತು. ಮೊನ್ನೆ ಗೆಳೆಯನ ಅರಗಳನ್ನು ತರಲು ಹೋದೆ. ಅತ್ತಿಗೆ ಬಾಗಿಲಲ್ಲೇ ಚೀಲ ಕೊಟ್ಟರು, ಒಳಗೆ ಕರೆಯಲಿಲ್ಲ. ಫೋಮಿನ ಹಲಗೆಗಳನ್ನು ಕಿತ್ತು ಓಣಿಯಲ್ಲಿ ಒಟ್ಟಿದ್ದರು. ಗೋಡೆಗೆ ಬಲವಾಗಿ ಬಡಿದು ಕೂರಿಸಿದ್ದ ಕೆಲಸದ ಮೇಜು ಮಾತ್ರ ಇನ್ನೂ ಗ್ಯಾರೇಜಿನೊಳಗೇ ಇತ್ತು. ಅಣ್ಣ ಕಾರನ್ನು ಹಿಂದಕ್ಕೆ ತರುತ್ತಾ ಒಳಗೆ ನುಗ್ಗಿಸುತ್ತಿದ್ದ, ಮೊದಲ ಸಲ. ನನ್ನನ್ನು ಕಂಡು ಕಿಟಕಿಯಿಂದ ತಲೆ ಹಾಕಿದ.

"ಮೇಷ್ಟ್ರೇ, ಸ್ವಲ್ಪ ಹಿಂದೆ ನೋಡಿ ಹೇಳಿ. ಜಾಗ ಇದೆಯಾ?"

"ಇದೆ ಬನ್ನಿ," ಎಂದೆ. "ಬನ್ನಿ, ಬನ್ನಿ. ಇನ್ನೂ ಬನ್ನಿ."

ಮೂವತ್ತು ವರ್ಷ ಕಂಡಕ್ಟರನ ಮಾತು ನಂಬಿ ಬಸ್ಸನ್ನು ಹಿಂದಕ್ಕೆ ತೆಗೆದವನು, ಹಾಗೆಯೇ ಬಂದ. ಹಿಂದಿನ ದೀಪ ಮೇಜಿನ ಮೂಲೆಗೆ ಬಡಿದು ಪುಡಿಯಾಯಿತು. ಇಳಿದು ಬಂದು ಕೆಂಪು ಚೂರುಗಳನ್ನು ನೋಡಿದ, ನನ್ನನ್ನು ನೋಡಿದ.

"ಜಾಗ ಇದೆ ಅಂದ್ರಲ್ಲ!"

"ಇತ್ತು," ಎಂದೆ.