ನೂರರ ಸಾಲ ತೊಂಬತ್ತಕ್ಕೆ

ಕಲಾವತಿ, ಐದು ವರ್ಷದ ಹಿಂದೆ ನಾನು ನಿನಗೆ ರಿಯಾಯಿತಿಯಲ್ಲಿ ಮಾರಿದ ಸಾಲಗಳು ಮುಳುಗುವ ಸಾಲಗಳೆಂದು ನನಗೆ ಗೊತ್ತಿತ್ತು. ಗೊತ್ತಿದ್ದೇ ಮಾರಿದೆ. ಆಮೇಲೆ ನೀನು ಬಂದು ಕೇಳಿದಾಗ ತಪ್ಪನ್ನು ನಿನ್ನ ತಲೆಗೇ ಕಟ್ಟಿದೆ. ಇದನ್ನು ಮೊದಲ ಸಾಲಿನಲ್ಲೇ ಬರೆದುಬಿಡುತ್ತಿದ್ದೇನೆ, ಯಾಕೆಂದರೆ ನನ್ನನ್ನು ನಾನು ಬಲ್ಲೆ — ಸ್ವಲ್ಪ ಸಮಯ ಸಿಕ್ಕರೆ ಸಾಕು, ಎರಡನೆಯ ಪುಟಕ್ಕೆ ಬರುವಷ್ಟರಲ್ಲಿ ನ್ಯಾಯ ನನ್ನ ಕಡೆಗೇ ಇದೆ ಎಂದು ಸಾಧಿಸಿಬಿಡುತ್ತೇನೆ. ಮೂವತ್ತನಾಲ್ಕು ವರ್ಷ ಗಣಿತ ಕಲಿಸಿದವಳಿಗೆ ಅದೇನು ಕಷ್ಟದ ಕೆಲಸವಲ್ಲ.

ನಾನು ಸೊಕ್ಕಿನವಳು. ನೀನೂ ಬಲ್ಲೆ, ಇಡೀ ಆಳಂದ ಬಲ್ಲದು. ಇವತ್ತಿಗೂ ಅದಕ್ಕೆ ನಾಚಿಕೆಯಿಲ್ಲ. ತವರೂರು ಗೊಬ್ಬೂರಿನ ನಮ್ಮ ಓಣಿಯಲ್ಲಿ ಮೆಟ್ರಿಕ್ ಪಾಸಾದ ಮೊದಲ ಹುಡುಗಿ ನಾನು. ಸೊಸೆಯಾಗಿ ಈ ಮನೆಗೆ ಬಂದ ಮೇಲೂ ನೌಕರಿ ಬಿಡುವುದಿಲ್ಲ ಎಂದು ಮಾವನವರ ಎದುರಿಗೇ ಹೇಳಿದವಳು. ಊರಿನ ಕಿರಾಣಿ ಅಂಗಡಿಯವನಿಂದ ಹಿಡಿದು ಬಸ್ ಕಂಡಕ್ಟರನವರೆಗೆ ಅರ್ಧ ಜನ ನನ್ನ ಕೈಯಲ್ಲಿ ಮಗ್ಗಿ ಕಲಿತವರು. ‘ಲೆಕ್ಕ ಬರೋದಿಲ್ಲ ಅನ್ನೋ ಮಗು ಹುಟ್ಟೇ ಇಲ್ಲ, ಸರಿಯಾಗಿ ಹೇಳಿಕೊಡೋರು ಇಲ್ಲ ಅಷ್ಟೇ’ ಎನ್ನುವುದು ನನ್ನ ಮಾತು. ಈ ಮಾತನ್ನು ಎಷ್ಟು ಸಭೆಗಳಲ್ಲಿ ಹೇಳಿದ್ದೇನೋ. ಈಗ ಅದನ್ನು ಬರೆಯುವಾಗ ಕೈ ತಡೆಯುತ್ತಿದೆ.

ನೀನು ಕೊಳಕೂರಿನಿಂದ ಈ ಮನೆಯ ಕಿರಿಯ ಸೊಸೆಯಾಗಿ ಬಂದಾಗ ನನ್ನ ಮದುವೆಯಾಗಿ ಹನ್ನೊಂದು ವರ್ಷವಾಗಿತ್ತು. ನೀನು ಹತ್ತನೆಯ ತರಗತಿಯಲ್ಲಿ ನಪಾಸಾದವಳು — ಅದೂ ಗಣಿತದಲ್ಲಿ! ‘ನನ್ನ ಶಾಲ್ಯಾಗ ಇದ್ದಿದ್ರ ನಿನ್ನ ಹಿಂಗ ಬಿಡ್ತಿದ್ದಿಲ್ಲ ಬೇ’ ಎಂದು ನಾನು ಎಷ್ಟು ಸಲ ನಕ್ಕಿಲ್ಲ. ನೀನೂ ನಗುತ್ತಿದ್ದೆ. ನೆಗೆಣ್ಣಿಯರು ಹಾವು ಮುಂಗುಸಿ ಇದ್ದಂತೆ ಎನ್ನುತ್ತಾರೆ. ನಮ್ಮ ನಡುವೆ ಅದೊಂದು ಇರಲಿಲ್ಲ. ನನ್ನನ್ನು ನೀನು ಸ್ವಂತ ಅಕ್ಕನಂತೆ ಕಂಡೆ, ನಾನು ಅದನ್ನು ನನಗೆ ಸಲ್ಲಬೇಕಾದದ್ದೇ ಎಂದುಕೊಂಡು ಇಟ್ಟುಕೊಂಡೆ.

ಆ ಮೊಬೈಲಿನ ಸಾಲದ ವ್ಯವಹಾರಕ್ಕೆ ನಾನು ಬಿದ್ದದ್ದು ನಿವೃತ್ತಿಗೆ ಎರಡು ವರ್ಷ ಇರುವಾಗ. ಬ್ಯಾಂಕಿನ ಬಡ್ಡಿ ನನ್ನಂಥ ಲೆಕ್ಕದವಳಿಗೆ ಸಾಲದು ಅನ್ನಿಸಿತ್ತು. ಆ್ಯಪಿನಲ್ಲಿ ನಮ್ಮ ಹಣ ಹಾಕಿದರೆ ಅದು ಸಣ್ಣ ಸಣ್ಣ ತುಂಡುಗಳಾಗಿ ಯಾರು ಯಾರಿಗೋ ಸಾಲವಾಗಿ ಹೋಗುತ್ತದೆ. ಅವರು ತಿಂಗಳು ತಿಂಗಳು ಕಂತು ಕಟ್ಟುತ್ತಾರೆ, ಬಡ್ಡಿ ಸಮೇತ ನಮಗೆ ಬರುತ್ತದೆ. ಸ್ಟಾಫ್‌ರೂಮಿನಲ್ಲಿ ‘ಇನ್ನು ಮುಂದೆ ನನ್ನನ್ನ ಸಾವ್ಕಾರ್ತಿ ಅನ್ರಿ’ ಎಂದು ಎಲ್ಲರನ್ನೂ ನಗಿಸುತ್ತಿದ್ದೆ. ಅವಧಿಗೆ ಮುಂಚೆಯೇ ಹಣ ಬೇಕೆಂದರೆ ಒಂದೇ ದಾರಿ — ನಮ್ಮ ಪಾಲಿನ ಸಾಲವನ್ನು ಅದೇ ಆ್ಯಪಿನಲ್ಲಿರುವ ಇನ್ನೊಬ್ಬರಿಗೆ ಮಾರಬೇಕು, ಅವರು ಕೊಳ್ಳುವಂತೆ ಬೆಲೆ ಇಳಿಸಬೇಕು. ನನಗೆ ಆ ಪ್ರಸಂಗ ಬರುವುದಿಲ್ಲ ಎಂದುಕೊಂಡಿದ್ದೆ. ಬಂದದ್ದು ನನ್ನ ಬಾಯಿಂದ.

ನಿವೃತ್ತಿಯ ಬೀಳ್ಕೊಡುಗೆಗೆ ಒಂದು ತಿಂಗಳು ಇರುವಾಗ ಶಾಲೆಯಲ್ಲಿ ಸಣ್ಣ ಸಭೆ ಇತ್ತು. ಯಾರೋ ನನ್ನನ್ನು ಹೊಗಳಿದರು. ಹೊಗಳಿಕೆ ಕೇಳಿ ನಾನು ಎದ್ದು ನಿಂತು, ನಿವೃತ್ತಿಯ ದಿನ ಮಠದಲ್ಲಿ ಒಂದು ಹೊತ್ತಿನ ದಾಸೋಹ ನನ್ನದು ಎಂದೆ. ಜನ ಚಪ್ಪಾಳೆ ತಟ್ಟಿದರು. ಚಪ್ಪಾಳೆ ಕೇಳಿ — ಎರಡು ಹೊತ್ತಿನದು ಎಂದೆ. ನಿವೃತ್ತಿಯ ಹಣ ಕೈಗೆ ಬರಲು ಇನ್ನೂ ಎಷ್ಟೋ ತಿಂಗಳುಗಳಿದ್ದವು. ಮಾತು ಹೊರಗೆ ಬಿದ್ದಾಗಿತ್ತು. ಹಿಂದಕ್ಕೆ ತೆಗೆದುಕೊಳ್ಳುವುದು, ಒಂದೇ ಹೊತ್ತು ಸಾಕು ಎನ್ನುವುದು, ನಿನ್ನ ಭಾವನವರ ಹತ್ತಿರ ಹಣ ಕೇಳುವುದು — ಇದಾವುದೂ ನನ್ನ ಜಾಯಮಾನವಲ್ಲ.

ಆ್ಯಪ್ ತೆರೆದು ನನ್ನ ಸಾಲಗಳನ್ನೆಲ್ಲ ಒಂದೊಂದಾಗಿ ನೋಡಿದೆ. ಅರ್ಧ ಸಾಲಗಾರರು ಒಂದನೆಯ ತಾರೀಖಿಗೇ ಕಟ್ಟುವವರು. ಉಳಿದವರು ಮೊದಲು ಐದಕ್ಕೆ, ಆಮೇಲೆ ಹತ್ತಕ್ಕೆ, ಆಮೇಲೆ ಇಪ್ಪತ್ತಕ್ಕೆ — ಕಟ್ಟುತ್ತಿದ್ದರು, ಆದರೆ ಜಾರುತ್ತಿದ್ದರು. ಇನ್ನೆರಡು ತಿಂಗಳಲ್ಲಿ ನಿಲ್ಲಿಸುತ್ತಾರೆ ಎಂಬುದನ್ನು ಏಳನೆಯ ತರಗತಿಯ ಮಗು ಕೂಡ ಹೇಳಬಹುದಿತ್ತು. ನಾನು ಮೊರದಲ್ಲಿ ತೊಗರಿ ಹಸನು ಮಾಡುವಂತೆ ಕಾಳು ಒಂದು ಕಡೆ, ಕಲ್ಲು ಒಂದು ಕಡೆ ಮಾಡಿದೆ. ಕಾಳನ್ನು ನನಗೆ ಇಟ್ಟುಕೊಂಡೆ. ಕಲ್ಲನ್ನು ಮಾರಾಟಕ್ಕಿಟ್ಟೆ. ಮುಖಬೆಲೆಯಲ್ಲಿ ನೂರಕ್ಕೆ ಐದು ಇಳಿಸಿದೆ, ಯಾರೂ ಕೊಳ್ಳಲಿಲ್ಲ. ಹದಿನೈದು ಇಳಿಸಿದೆ, ಆಗಲೂ ಇಲ್ಲ. ಅಪರಿಚಿತರು ಸಾಲದ ಜಾತಕ ನೋಡಿ ಕೊಳ್ಳುವವರು. ಆಗ ನಿನ್ನ ನೆನಪಾಯಿತು — ನೀನು ನನ್ನ ಮುಖ ನೋಡಿ ಕೊಳ್ಳುವವಳು.

ಆಗಷ್ಟೇ ನಿನ್ನ ಖಡಕ್ ರೊಟ್ಟಿಯ ವ್ಯಾಪಾರ ಕುದುರಿತ್ತು. ಎಂಟು ಹೆಂಗಸರನ್ನು ಕೂಡಿಸಿಕೊಂಡು ಜೋಳದ ರೊಟ್ಟಿ ಬಡಿದು, ಒಣಗಿಸಿ, ಸೊಲ್ಲಾಪುರದ ಬಸ್ಸಿಗೆ ಹಾಕುತ್ತಿದ್ದೆ. ರೊಟ್ಟಿ ಮಷೀನು ಕೊಳ್ಳಲು ಎರಡು ವರ್ಷದಿಂದ ಕೂಡಿಟ್ಟ ಹಣ ನಿನ್ನ ಹತ್ತಿರ ಇರುವುದು ನನಗೆ ಗೊತ್ತಿತ್ತು. ಬೇರೆ ಮನೆ ಮಾಡಿಕೊಂಡಿದ್ದ ನಿಮ್ಮಲ್ಲಿಗೆ ನಾನು ಬಂದಾಗ ಬೆಳಗಿನ ಹತ್ತು ಗಂಟೆ, ಅಂಗಳದ ತುಂಬ ರೊಟ್ಟಿ ಬಡಿಯುವ ಸದ್ದು. ನೀನು ಕೈತುಂಬ ಹಿಟ್ಟಿದ್ದರೂ ಎದ್ದು ನಿಂತೆ.

‘ಹೊರಗಿನವ್ರಿಗೆ ಕೊಡಾಕ ಮನಸ್ಸಿಲ್ಲ ಕಲಾವತಿ’ ಎಂದೆ ನಾನು. ‘ನೂರರದ್ದು ತೊಂಬತ್ತಕ್ಕ ತಗೋ. ಮನ್ಯಾಗಿನಾಕಿ ಅಂತ ನಿನಗ ಕೊಡಾಕತ್ತೇನಿ.’

‘ಮಷೀನಿಗಂತ ಇಟ್ಟ ರೊಕ್ಕ ಅದ. ವರ್ಷದಾಗ ತಿರುಗಿ ಬರ್ತದಲ್ರಿ ಅಕ್ಕಾ?’

‘ಬರ್ತದ ತಗೋ. ಬಡ್ಡಿ ಹಿಡ್ಕೊಂಡು ಬರ್ತದ.’

ಇಷ್ಟೇ ಮಾತು. ಅಪರಿಚಿತರು ಎಂಬತ್ತೈದಕ್ಕೆ ಬೇಡ ಎಂದದ್ದನ್ನು ನಿನಗೆ ತೊಂಬತ್ತಕ್ಕೆ ಮಾರಿದೆ. ನಾನೇ ನಿನ್ನ ಫೋನಿಗೆ ಆ್ಯಪ್ ಹಾಕಿದೆ, ನಾನೇ ಪಕ್ಕದಲ್ಲಿ ಕೂತು ಎಲ್ಲಿ ಒತ್ತಬೇಕು ಎಂದು ತೋರಿಸಿದೆ. ಹಿಟ್ಟಿನ ಬೆರಳು ಸೆರಗಿಗೆ ಒರೆಸಿಕೊಂಡು ನೀನು ಒಂದೊಂದೇ ಒತ್ತಿದೆ. ಮುಗಿದ ಮೇಲೆ ರೊಟ್ಟಿ ಬಡಿಯುವ ಹೆಂಗಸರ ಕಡೆ ತಿರುಗಿ ನೀನು ಹೇಳಿದ ಮಾತು ನನ್ನ ಕಿವಿಯಲ್ಲಿ ಇನ್ನೂ ಇದೆ. ‘ನೋಡ್ರಿ, ನೆಗೆಣ್ಣಿ ಅಂದ್ರ ಹಿಂಗಿರಬೇಕು. ನೂರರದ್ದು ತೊಂಬತ್ತಕ್ಕ ಕೊಟ್ಟಾರ ನಮ್ಮ ಅಕ್ಕಾರು!’ ಅವರೆಲ್ಲ ನನ್ನತ್ತ ನೋಡಿದರು. ನಾನು ಹೆಮ್ಮೆಪಟ್ಟೆ. ನಟನೆಯಲ್ಲ. ಆ ಕ್ಷಣಕ್ಕೆ ನಾನು ನಿಜವಾಗಿಯೂ ನಿನಗೊಂದು ಉಪಕಾರ ಮಾಡಿದೆ ಎಂದೇ ನನಗನ್ನಿಸಿತು.

ದಾಸೋಹ ಭರ್ಜರಿಯಾಗಿ ಆಯಿತು. ಗೋಧಿ ಹುಗ್ಗಿ, ಪುಂಡಿಪಲ್ಯ, ಶೇಂಗಾ ಹಿಂಡಿ. ಸಾವಿರ ರೊಟ್ಟಿ ನೀನೇ ಮಾಡಿ ತಂದೆ. ದುಡ್ಡು ಕೊಡಲು ಬಂದರೆ ‘ಅಕ್ಕನ ದಾಸೋಹ ಅಂದ್ರ ನಂದೂ ಅಲ್ಲೇನ್ರಿ?’ ಎಂದು ನನ್ನ ಕೈ ಮಡಚಿದೆ. ದಾಸೋಹ ಎಂದರೆ ಬೆವರಿನ ದುಡಿಮೆಯಿಂದ ಮಾಡಬೇಕಾದದ್ದು, ಅದಿಲ್ಲದಿದ್ದರೆ ಅದು ಬರೀ ಊಟ — ಇದನ್ನು ನಮ್ಮ ಮನೆತನದಲ್ಲಿ ಮಕ್ಕಳಿಗೂ ಹೇಳಿಕೊಡುತ್ತೇವೆ. ನಾನು ಮಾಡಿದ್ದು ಯಾರದೋ ದುಡ್ಡು ಎಲ್ಲಮ್ಮನ ಜಾತ್ರೆ. ಹಣವೂ ನಿನ್ನದು, ರೊಟ್ಟಿಯೂ ನಿನ್ನದು, ಬೆವರೂ ನಿನ್ನದು. ಧ್ವನಿವರ್ಧಕದಲ್ಲಿ ಕೂಗಿದ ಹೆಸರು ಮಾತ್ರ ನನ್ನದು.

ಎರಡು ಕಂತು ಬಂದವು. ಮೂರನೆಯದಕ್ಕೆ ನಾನು ಎಣಿಸಿದಂತೆಯೇ ಒಬ್ಬೊಬ್ಬರಾಗಿ ನಿಲ್ಲಿಸಿದರು. ಇನ್ನೂ ಮೂರು ತಿಂಗಳು ನೀನು ಸುಮ್ಮನಿದ್ದೆ. ಆಮೇಲೆ ಒಂದು ಮಧ್ಯಾಹ್ನ ಫೋನ್ ಹಿಡಿದುಕೊಂಡು ಬಂದೆ. ನಾನು ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿಕೊಳ್ಳುವ ಸ್ಥಿತಿಯಲ್ಲಿದ್ದೆ. ಬೈಯುತ್ತೀ ಎಂದುಕೊಂಡಿದ್ದೆ, ಜಗಳಕ್ಕೂ ಸಿದ್ಧವಾಗಿದ್ದೆ. ವ್ಯಾಪಾರದಲ್ಲಿ ಲಾಭ ನಷ್ಟ ಇದ್ದದ್ದೇ ಎಂದು ಉತ್ತರ ಕೂಡ ಕಟ್ಟಿಟ್ಟಿದ್ದೆ. ನೀನು ಕೇಳಿದ್ದು ಬೇರೆ.

‘ಅಕ್ಕಾ, ಕಂತು ಬರವಲ್ವು. ನಾ ಏನರ ತಪ್ಪ ಒತ್ತೀನೇನ್ರಿ?’

ಆಗ ಒಂದು ಮಾತು ಹೇಳಿದ್ದರೆ — ಇಲ್ಲ, ಹೇಳಲಿಲ್ಲ. ನೀನೇ ದಾರಿ ತೋರಿಸಿದೆ, ನಾನು ಅದರಲ್ಲಿ ನಡೆದೆ. ‘ಏನೋ ಒತ್ತಿರಬೇಕು ನೀ. ಇನ್ನ ಮುಟ್ಟಬ್ಯಾಡ ಅದನ್ನ’ ಎಂದೆ. ನಿನ್ನ ಮುಖ ಸಣ್ಣದಾಯಿತು. ‘ನನಗ ಮೊದಲಿಂದ ಲೆಕ್ಕ ಬರಂಗಿಲ್ಲ ಬಿಡ್ರಿ’ ಎಂದು ನಕ್ಕು, ಫೋನನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹೋದೆ.

ಹಣ ಕಸಿದುಕೊಂಡದ್ದು ಒಂದು ತಪ್ಪು. ಆದರೆ ಲೆಕ್ಕ ಬರುವುದಿಲ್ಲ ಎನ್ನುವ ಈ ಮಾತು — ಮೂವತ್ತನಾಲ್ಕು ವರ್ಷ ಎಷ್ಟೋ ಮಕ್ಕಳ ತಲೆಯಿಂದ ಯಾವ ಮಾತನ್ನು ಕಿತ್ತು ಹಾಕಿದೆನೋ ಅದೇ ಮಾತನ್ನು ನಿನ್ನ ತಲೆಯಲ್ಲಿ ನೆಟ್ಟುಬಿಟ್ಟೆ. ಅದು ನಾನು ನನ್ನ ಕಸುಬಿಗೇ ಮಾಡಿದ ದ್ರೋಹ.

ಮಷೀನು ಯಾಕೆ ಬರಲಿಲ್ಲ ಎಂದು ಮೈದುನ ಕೇಳಿದರೆ ‘ಕೈರೊಟ್ಟಿಗೇ ಗಿರಾಕಿ ಜಾಸ್ತಿ’ ಎಂದೆಯಂತೆ. ಯಾರ ಮುಂದೂ ನನ್ನ ಹೆಸರು ತರಲಿಲ್ಲ. ಕೈಯಲ್ಲೇ ಬಡಿದೆ. ಎಂಟು ಜನ ಹದಿನಾಲ್ಕಾದರು. ಸೊಲ್ಲಾಪುರದ ಬಸ್ಸಿನ ಜೊತೆಗೆ ಪುಣೆ, ಹೈದರಾಬಾದು ಸೇರಿದವು. ಯಾವ ಊರಿಗೆ ಎಷ್ಟು ಡಬ್ಬಿ, ಯಾರಿಗೆ ಎಷ್ಟು ಕೂಲಿ, ಎಷ್ಟು ಚೀಲ ಜೋಳ — ಒಂದು ಚೀಟಿಯಿಲ್ಲದೆ ಹೇಳುತ್ತೀ. ಕಳೆದ ಸಲ ಪಕ್ಕದಲ್ಲಿ ಕೂತು ನಾನು ಕಾಗದದ ಮೇಲೆ ಮಾಡಿ ನೋಡಿದೆ. ನಾನು ಮುಗಿಸುವ ಮುಂಚೆ ನಿನ್ನ ಉತ್ತರ ಬಂದಿತ್ತು, ಸರಿಯೂ ಇತ್ತು. ನನ್ನ ಶಾಲೆಯಲ್ಲಿ ಅಂಥ ಬಾಯಿಲೆಕ್ಕದ ಮಗು ಒಂದೂ ಬರಲಿಲ್ಲ. ನನ್ನ ನೆಗೆಣ್ಣಿ ಎಂದು ಊರೆಲ್ಲ ಹೇಳಿಕೊಂಡು ತಿರುಗುತ್ತೇನೆ. ಈ ಹೆಮ್ಮೆ ನಿಜ, ಇದನ್ನಾದರೂ ನಂಬು.

ಮಷೀನು ಬರದಿದ್ದದ್ದೇ ಒಳ್ಳೆಯದಾಯಿತು, ಕೈರೊಟ್ಟಿಯಿಂದಲೇ ಹೆಸರು ಬಂತು ಎಂದು ಜನ ಅನ್ನುತ್ತಾರೆ. ಆ ಸಮಾಧಾನವನ್ನು ನಾನೂ ಕೆಲವು ದಿನ ಇಟ್ಟುಕೊಂಡಿದ್ದೆ. ದೀಪಾವಳಿಗೆ ನಿಮ್ಮ ಮನೆಗೆ ಬಂದಾಗ ಮಗಳು ಸೌಮ್ಯಾ ನಿನ್ನ ಹಿಂದೆ ಕೂತು ನಿನಗೆ ಜಡೆ ಹಾಕುತ್ತಿದ್ದಳು. ನಿನ್ನ ಬಲಗೈ ಹೆಗಲಿನ ಮೇಲಕ್ಕೆ ಏಳುವುದಿಲ್ಲ, ಇನ್ನು ರೊಟ್ಟಿ ಬಡಿಯಬಾರದೆಂದು ಡಾಕ್ಟರು ಹೇಳಿದ್ದಾರೆ ಎಂದಳು. ಸ್ವಂತ ಕೂದಲು ಬಾಚಿಕೊಳ್ಳಲು ಬಾರದ ಕೈ. ಆಮೇಲೆ ಆ ಸಮಾಧಾನ ನನ್ನ ಹತ್ತಿರ ಉಳಿಯಲಿಲ್ಲ.

ಆದರೂ ಬಾಯಿ ಬಿಡಲಿಲ್ಲ ನಾನು. ಬಿಡಿಸಿದವಳು ನಿನ್ನ ಮಗಳು. ಕಳೆದ ವಾರ ಸೌಮ್ಯಾ ಬಂದಿದ್ದಳು, ಕಲಬುರಗಿಯ ಆಸ್ಪತ್ರೆಯಲ್ಲಿ ನರ್ಸ್ ಆದ ಮೊದಲ ತಿಂಗಳು, ಪೇಢೆಯ ಡಬ್ಬಿ ಹಿಡಿದುಕೊಂಡು.

‘ದೊಡ್ಡವ್ವಾ, ಮೊದಲನೇ ಪಗಾರ ಆಗ್ಯಾದ. ಎಲ್ಲಿ ಇಡಬೇಕು ಹೇಳು. ಅವ್ವಗ ಕೇಳಿದ್ರ, ತಪ್ಪ ಒತ್ತಿ ಮಷೀನಿನ ರೊಕ್ಕ ಕಳಕೊಂಡಾಕಿ ನಾ, ನನಗೇನ್ ತಿಳಿತದ ಬೇ, ದೊಡ್ಡವ್ವನ ಕೇಳು ಅಂದ್ಳು.’

ಐದು ವರ್ಷ. ಐದು ವರ್ಷ ನೀನು ಅದನ್ನೇ ನಂಬಿಕೊಂಡಿದ್ದೀಯ. ನನ್ನ ಮರ್ಯಾದೆ ಕಾಯಲು ಸುಮ್ಮನಿದ್ದೀ ಎಂದು ನಾನು ಒಳಗೊಳಗೇ ತಿಳಿದಿದ್ದೆ, ಅದೂ ನನಗೆ ಒಂದು ಬಗೆಯ ಹಿರಿಮೆ ಅನ್ನಿಸಿತ್ತು. ನೀನು ಕಾಯುತ್ತಿದ್ದದ್ದು ನನ್ನನ್ನಲ್ಲ. ನಿನ್ನದು ಎಂದುಕೊಂಡ ಒಂದು ದಡ್ಡತನವನ್ನು ಮುಚ್ಚಿಟ್ಟುಕೊಂಡಿದ್ದೆ. ಕೈಯಲ್ಲಿದ್ದ ಪೇಢೆಯನ್ನು ಡಬ್ಬಿಗೇ ಹಿಂದಕ್ಕಿಟ್ಟೆ. ಆಮೇಲೆ ಹೇಳುತ್ತೇನೆ ಎಂದು ಹುಡುಗಿಯನ್ನು ಕಳಿಸಿದೆ.

ಮಷೀನಿನ ಹಣವನ್ನು ಬಡ್ಡಿಯೊಂದಿಗೆ ನಾಳೆ ನಿನ್ನ ಖಾತೆಗೆ ಹಾಕುತ್ತೇನೆ. ಅದು ಸುಲಭದ ಭಾಗ, ಅದನ್ನು ಪ್ರಾಯಶ್ಚಿತ್ತ ಎಂದು ಎಣಿಸಬೇಡ. ಹೆಗಲಿಗೆ ನನ್ನ ಹತ್ತಿರ ಏನೂ ಇಲ್ಲ. ಬುಧವಾರ ಬೆಳಿಗ್ಗೆ ಹತ್ತಕ್ಕೆ ನಿನ್ನ ಅಂಗಳಕ್ಕೆ ಬರುತ್ತೇನೆ. ನನ್ನನ್ನು ನೀನು ಹೊಗಳಿದ್ದನ್ನು ಕೇಳಿದ ಹೆಂಗಸರೆಲ್ಲ ಕೂತಿರಬೇಕು, ಅವರ ಮುಂದೆಯೇ ಇದನ್ನು ಹೇಳುತ್ತೇನೆ. ಜೀವಮಾನದಲ್ಲಿ ಯಾರ ಎದುರೂ ತಲೆ ತಗ್ಗಿಸಿದವಳಲ್ಲ, ಹೇಗೆ ತಗ್ಗಿಸುವುದೋ ಗೊತ್ತಿಲ್ಲ — ಬಂದು ನಿಲ್ಲುತ್ತೇನೆ. ಬಾಗಿಲು ಹಾಕಿಕೊಂಡರೂ ಹೊರಗಿನಿಂದಲೇ ಹೇಳುತ್ತೇನೆ.

ಈ ಕಾಗದವನ್ನು ಸೌಮ್ಯಾಳ ಕೈಯಲ್ಲಿ ಓದಿಸಬೇಡ, ನೀನೇ ಓದು. ಅವಳ ಪಗಾರ ಎಲ್ಲಿಡಬೇಕು ಎಂಬುದನ್ನೂ ನೀನೇ ಹೇಳು. ಆ ದಿನ ನೀನು ಏನನ್ನೂ ತಪ್ಪಾಗಿ ಒತ್ತಿರಲಿಲ್ಲ, ಕಲಾವತಿ. ನಾನು ತೋರಿಸಿದ್ದನ್ನೆಲ್ಲ ಸರಿಯಾಗಿಯೇ ಒತ್ತಿದ್ದೆ ನೀನು.