ಕಡಲಡಿಯ ದಾರಿ, ಬೇತಮಂಗಲದ ನೀರು

ಹೊಸ ಪಠ್ಯಪುಸ್ತಕಕ್ಕೆ ಹಳೆಯ ಪೇಪರಿನ ಬೈಂಡು ಹಾಕುವ ಸುಖ ನಿಮಗೂ ಗೊತ್ತಿರಬೇಕು, ಗೆಳೆಯರೇ. ಅರವತ್ತರ ದಶಕದ ನಡುವಿನ ಒಂದು ಜೂನ್ ತಿಂಗಳಲ್ಲಿ, ಚಿನ್ನದ ಗಣಿಯೂರಾದ ಕೋರಮಂಡಲ್‌ನಲ್ಲಿ, ಕಾರ್ಮಿಕರ ಸಾಲುಮನೆಗಳಲ್ಲೊಂದಾದ ನಮ್ಮ ಲೈನ್ ಮನೆಯ ಜಗಲಿಯಲ್ಲಿ ಕುಳಿತು ಭೂಗೋಳದ ಪುಸ್ತಕಕ್ಕೆ ಬೈಂಡು ಹಾಕುತ್ತಿದ್ದಾಗ, ಮಡಿಕೆಯ ಮೇಲೆ ಒಂದು ವಿಚಿತ್ರ ಚಿತ್ರ ಕಂಡಿತು. ಅಮೆರಿಕದಲ್ಲಿ ಚೆಸಪೀಕ್ ಎಂಬ ಕೊಲ್ಲಿಯ ಬಾಯಿಗೆ ಅಡ್ಡಲಾಗಿ ಹದಿನೇಳು ಮೈಲಿಗೂ ಮಿಕ್ಕಿದ ಸೇತುವೆ. ಅದು ನಡುಗಡಲಿನವರೆಗೆ ನೆಟ್ಟಗೆ ಹೋಗಿ, ಒಂದು ಪುಟ್ಟ ದ್ವೀಪದಲ್ಲಿ ಕೆಳಕ್ಕಿಳಿದು, ಕಡಲ ತಳದಲ್ಲೇ ಸಾಗಿ, ಇನ್ನೊಂದು ದ್ವೀಪದಲ್ಲಿ ಮೇಲೆದ್ದು ಮತ್ತೆ ಸೇತುವೆಯಾಗುತ್ತಿತ್ತು; ಮುಂದೆ ಇನ್ನೊಮ್ಮೆ ಹಾಗೆಯೇ ಇಳಿದೇಳುತ್ತಿತ್ತು. ಅಲ್ಲಿಯವರೆಗೆ ದೋಣಿಗಾಗಿ ಕಾಯುತ್ತಿದ್ದ ಮೋಟಾರುಗಳಿಗೆ ದಾರಿ ಬೇಕು, ಹಡಗುಗಳಿಗೂ ಅಡ್ಡಿಯಾಗಬಾರದು. ಅದಕ್ಕೆ ರಸ್ತೆಯೇ ಎರಡು ಕಡೆ ತಲೆ ತಗ್ಗಿಸಿತ್ತು.

ತಲೆ ತಗ್ಗಿಸುವುದೆಂದರೆ ನಮ್ಮ ಅಪ್ಪನಿಗೆ ಆಗದ ಮಾತು. ನೆಲದಡಿ ಬಂಡೆ ಕೊರೆದು ಸುರಂಗ ಮಾಡುವ ಕೆಲಸ ಅವರದು. ಲೋಕದಲ್ಲಿ ಅದೊಂದೇ ಗಂಡಸರ ಕಸುಬೆಂಬ ನಂಬಿಕೆ. ಬೇತಮಂಗಲದ ತಾತ, ಎಂದರೆ ಅಮ್ಮನ ಅಪ್ಪ, ಅಲ್ಲಿನ ಕೆರೆಯಿಂದ ನಮ್ಮ ಗಣಿಯೂರಿಗೆ ನೀರು ತರುವ ಪೈಪುಗಳ ಫಿಟ್ಟರ್. ಒಂದು ಯುಗಾದಿಯ ಊಟದಲ್ಲಿ ಅಪ್ಪ, "ನೆಲ ಕೆರೆದು ಪೈಪು ಊಳೋದೂ ಒಂದು ಕೆಲ್ಸಾನಾ ಮಾವ?" ಎಂದು ನಕ್ಕರು. "ನೀನು ಕುಡಿಯೋ ನೀರು ಅದ್ರಾಗೇ ಬರೋದು ಕಣಪ್ಪಾ" ಎಂದರು ತಾತ. ಅಪ್ಪ ಎಲೆ ಬಿಟ್ಟು ಎದ್ದರು. ಆಮೇಲೆ ನಾಲ್ಕು ವರ್ಷ ಅಮ್ಮ ತವರಿನ ಮುಖ ಕಾಣಲಿಲ್ಲ. ತವರಿನ ನೀರು ದಿನಾ ಬೆಳಿಗ್ಗೆ ಬೀದಿಯ ನಲ್ಲಿಗೆ ಬರುತ್ತಿತ್ತು. ಆರೇಳು ಮೈಲಿ ಆಚೆಗಿದ್ದ ತವರಿಗೆ ಹೋಗಲು ಅಮ್ಮನಿಗೆ ಅಪ್ಪಣೆಯಿರಲಿಲ್ಲ. ಬಿಂದಿಗೆ ತುಂಬಿ ಹೊರಚೆಲ್ಲಿದರೂ ಅವಳು ನೋಡುತ್ತ ನಿಂತುಬಿಡುತ್ತಿದ್ದಳು. ನನಗೆ ಅಪ್ಪನ ಮೇಲೆ ಕೋಪ ಬರುತ್ತಿತ್ತು, ಹೇಳುವ ಧೈರ್ಯವಿರಲಿಲ್ಲ.

ಚಿತ್ರ ನೋಡಿದ ಅಪ್ಪ ಹಿಗ್ಗಿದರು. "ನೋಡ್ದಾ, ಸಮುದ್ರದ ಕೆಳಗೇ ಬಂಡೆ ಕೊರ್ದವ್ರೆ! ನಮ್ಮಂತೋರು ಕಣಮ್ಮಾ" ಎಂದು ಪುಸ್ತಕವನ್ನೇ ಎತ್ತಿಕೊಂಡು ಹೋಗಿ ಲೈನಿನ ಮನೆಮನೆಗೂ ತೋರಿಸಿ ಬಂದರು. ಚಿತ್ರದ ಕೆಳಗಿನ ಬರಹ ಬೈಂಡಿನ ಒಳಮಡಿಕೆಯಲ್ಲಿ ಅಡಗಿತ್ತು. ಭಾನುವಾರ ಅದನ್ನು ಬಿಚ್ಚಿ ಅವರಿಗೆ ಗಟ್ಟಿಯಾಗಿ ಓದಿ ಹೇಳಿದೆ. ಯಾರೂ ಬಂಡೆ ಕೊರೆದಿರಲಿಲ್ಲ. ದಡದಲ್ಲೇ ಭಾರಿ ಉಕ್ಕಿನ ಕೊಳವೆಗಳನ್ನು ಮಾಡಿ, ಎರಡೂ ಬಾಯಿ ಮುಚ್ಚಿ, ತೇಲಿಸಿಕೊಂಡು ತಂದು, ಕಡಲ ತಳದಲ್ಲಿ ಕೆರೆದ ಕಾಲುವೆಯಲ್ಲಿ ಮುಳುಗಿಸಿ, ಒಂದಕ್ಕೊಂದು ಜೋಡಿಸಿ, ಮೇಲೆ ಮಣ್ಣು ಮುಚ್ಚಿದ್ದರು.

ಅಪ್ಪ ಪೇಪರನ್ನು ನನ್ನ ಕೈಯಿಂದ ತೆಗೆದುಕೊಂಡು ಚಿತ್ರವನ್ನು ಹಿಂದೆಮುಂದೆ ತಿರುಗಿಸಿ ನೋಡಿದರು. "ಇದು ಸುರಂಗ ಅಲ್ಲ, ಪೈಪು" ಎಂದರು ಕೊನೆಗೆ. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ. ಒಲೆಯ ಮುಂದಿದ್ದ ಅಮ್ಮ ತಿರುಗದೆಯೇ, "ಊಳೋದೂ ಒಂದು ಕೆಲ್ಸಾನೇ ಅಂತಾಯ್ತು" ಎಂದಳು. ನಾಲ್ಕು ವರ್ಷದಲ್ಲಿ ಆ ವಿಷಯಕ್ಕೆ ಅವಳಾಡಿದ್ದು ಅದೊಂದೇ ಮಾತು.

ಕಡಲು ದಾಟಿದವರಿಗೆ ಉಕ್ಕಿತ್ತು, ಯಂತ್ರಗಳಿದ್ದವು, ನೀರಿನಡಿ ಮುಳುಗಿ ದುಡಿಯುವ ಗಟ್ಟಿಗರಿದ್ದರು. ಮಾವ ಅಳಿಯಂದಿರ ನಡುವಿನ ಆರೇಳು ಮೈಲಿಗೆ ಅದೇನೂ ಬೇಕಿರಲಿಲ್ಲ; ಯಾರಾದರೊಬ್ಬರು ಮೊದಲು ಬಸ್ಸು ಹತ್ತಬೇಕಿತ್ತು, ಅಷ್ಟೆ.

ಮುಂದಿನ ಭಾನುವಾರ ಅಪ್ಪ ಹತ್ತಿದರು, ನಮ್ಮಿಬ್ಬರನ್ನೂ ಹತ್ತಿಸಿಕೊಂಡು. ತಾತನ ಮುಂದೆ ಪೇಪರು ಹರಡಿ, ಅವರ ಮುಖ ನೋಡದೆ, "ಮಾವ, ನಿಮ್ ಕೆಲ್ಸಾನೇ ಸಮುದ್ರದಾಗೆ ಮಾಡವ್ರೆ" ಎಂದರು. ತಾತ ಕನ್ನಡಕ ಏರಿಸಿ ಚಿತ್ರವನ್ನು ನಿಧಾನವಾಗಿ ನೋಡಿದರು. ಗೆದ್ದೆನೆಂದು ನಗಬಹುದಿತ್ತು, ಹಳೆಯದನ್ನು ಕೆದಕಬಹುದಿತ್ತು.

"ಜಾಯಿಂಟು ಸೋರಲ್ವಾ?" ಎಂದಷ್ಟೇ ಕೇಳಿದರು.

"ಸೋರಲ್ವಂತೆ" ಎಂದರು ಅಪ್ಪ.

"ಅಂಗಾದ್ರೆ ಒಳ್ಳೇ ಕೆಲ್ಸಗಾರ್ರು. ಏಳಪ್ಪಾ, ಊಟ ಮಾಡು."

ಸಂಜೆ ಕೊನೆಯ ಬಸ್ಸಿನ ಹೊತ್ತಾದರೂ ಅಮ್ಮ ಎದ್ದಿರಲಿಲ್ಲ. "ನೀವು ಓಗಿ, ನಾನು ಒಂದು ವಾರ ಇದ್ದು ಬತ್ತೀನಿ" ಎಂದಳು. ಅಪ್ಪಣೆ ಕೇಳುವ ದನಿ ಅದಾಗಿರಲಿಲ್ಲ. ಆ ವಾರವೆಲ್ಲ ಅಪ್ಪ ತೊಳಸಿದ ಗಂಟುಗಂಟು ಮುದ್ದೆಯನ್ನು ನಾವಿಬ್ಬರೂ ಎದುರೆದುರು ಕುಳಿತು ನುಂಗಿದೆವು, ಒಂದು ಮಾತೂ ದೂರದೆ.