ಲೋಟ ಹಿಡಿದು ಹೇಳಿದ ತಪ್ಪು

ಹೊಸದೇನಾದರೂ ಓದಿದ ದಿನ ನನಗೆ ಕೇಳುಗರು ಬೇಕೇ ಬೇಕು. ಚಳ್ಳಕೆರೆಯಿಂದ ಮೊಳಕಾಲ್ಮೂರಿಗೆ ಹೊರಟ ಬಸ್ಸಿನಲ್ಲಿ ಪಕ್ಕದಾಕೆ ನಿದ್ದೆ ನಟಿಸಿದ್ದು ನನ್ನ ಉತ್ಸಾಹವನ್ನು ಕಂಡೇ ಇರಬೇಕು. ಓದಿದ್ದು ಸೈಂಟಾಲಜಿ ಎಂಬ ಅಮೆರಿಕದ ಹೊಸ ಮತದ ಬಗ್ಗೆ. ಎಂಥ ಸೋಜಿಗ ನೋಡಿ! ದೇಹ ಬಿದ್ದರೂ ಸಾಯದೆ ಜನ್ಮಜನ್ಮಾಂತರ ಸಾಗುವ ಚೇತನ ಅವರಲ್ಲೂ ಉಂಟು, ಹೆಸರು ಥೇಟನ್. ನಮ್ಮ ಆತ್ಮದ ದೂರದ ದಾಯಾದಿ. ಶಾಶ್ವತ ಆತ್ಮವೇ ಇಲ್ಲವೆಂದ ಬುದ್ಧನಾದರೆ ಇಬ್ಬರನ್ನೂ ಒಪ್ಪುತ್ತಿರಲಿಲ್ಲ. ಇನ್ನು ಮಾಡಿದ ತಪ್ಪಿನ ಮಾತು: ನಮ್ಮ ಕರ್ಮ ಫಲ ಉಣಿಸದೆ ಬಿಡದು. ಇಗರ್ಜಿಯಲ್ಲಿ ಪಾದ್ರಿಯ ಮುಂದೆ ತಪ್ಪೊಪ್ಪಿಕೊಂಡರೆ ದೇವರು ಕ್ಷಮಿಸುತ್ತಾನೆ. ಈ ಸೈಂಟಾಲಜಿಯವರೋ, ಎರಡು ಲೋಹದ ಡಬ್ಬಿ ಹಿಡಿದು, ಮುಳ್ಳು ಅಲ್ಲಾಡುವ ಯಂತ್ರದೆದುರು ನೋವಿನ ನೆನಪನ್ನು ಮತ್ತೆ ಮತ್ತೆ ಹೇಳಿ ಭಾರ ಇಳಿಸಿಕೊಳ್ಳುತ್ತಾರಂತೆ!

ಮೊಳಕಾಲ್ಮೂರಿನ ಮನೆಯಲ್ಲಿ ಇಷ್ಟನ್ನೂ ಒಂದೇ ಉಸಿರಿಗೆ ದೊಡ್ಡಪ್ಪನ ಮಗಳು ಸರೋಜಕ್ಕನಿಗೆ ಒಪ್ಪಿಸಿದೆ. ಮಗ್ಗದಿಂದೆದ್ದು ಬಂದ ಆಕೆ, ನಾವಿಬ್ಬರೂ ಕಾಫಿ ಕುಡಿದಿಟ್ಟ ಎರಡು ಸ್ಟೀಲ್ ಲೋಟಗಳನ್ನು ನನ್ನ ಕೈಗಿತ್ತಳು.

“ಡಬ್ಬಿ ಇಲ್ಲ, ಲೋಟ ಐತೆ. ಯಂತ್ರ ನಾನೇ. ಹೇಳು ನೋಡಾನ.”

ನಗುತ್ತಲೇ ಹಿಡಿದೆ, ಬಾಯಿಗೆ ಬಂದದ್ದು ಮಾತ್ರ ನಗುವ ಸಂಗತಿಯಲ್ಲ. ಹತ್ತು ವರ್ಷದವಳಿದ್ದಾಗ ಈ ಮಗ್ಗದಲ್ಲಿ ಉದ್ದಕ್ಕೆ ಬಿಗಿದ ಹಾಸಿನ ಎಳೆಗಳನ್ನು, ಕತ್ತರಿಸಿದರೆ ತಂತಿಯಂತೆ ದನಿ ಬರುತ್ತದೆಂದು, ಬ್ಲೇಡಿನಿಂದ ಕೊಯ್ದವಳು ನಾನು. ದೊಡ್ಡಪ್ಪನಿಂದ ಏಟು ತಿಂದವಳು ಅಕ್ಕ. ಡೈರಿಯಲ್ಲಿ ಬರೆದಿರಲಿಲ್ಲವಾದ್ದರಿಂದ ಅದು ನಡೆದೇ ಇಲ್ಲವೆಂದು ಎಷ್ಟೋ ವರ್ಷ ನಂಬಿದ್ದೆ.

“ಇನ್ನೊಂದ್ ಸಲ ಹೇಳು,” ಎಂದಳು. ಹೇಳಿದೆ.

“ಆಗ್ಲೇ ಕೆಂಪು ಎಳೆ ಅಂದೆ, ಈಗ ಹಸಿರು ಅಂತೀಯಲ್ಲೇ! ನೇರಳೆ ಕಣೇ ಅದು.”

“ನಿಂಗೆ ಗೊತ್ತಿತ್ತಾ ಅಕ್ಕ?”

“ಬ್ಲೇಡು ನಿನ್ನ ಲಂಗದಾಗೇ ಇತ್ತಲ್ಲ. ಈಗ ಹಗುರಾತಾ?”

ಆಗಿತ್ತು, ನಾಚಿಕೆಯಾಗುವಷ್ಟು. ಆಗಲೇ ಹೊಳೆಯಿತು: ಇಷ್ಟು ಮತಗಳನ್ನು ತಕ್ಕಡಿಗೆ ಹಾಕಿ ತೂಗುವಾಗ ನಾನು ನೋಡಿದ್ದು ನನ್ನ ಹೊರೆ ಎಲ್ಲಿ ಬೇಗ ಇಳಿಯುತ್ತದೆ ಎಂದಷ್ಟೇ. ಅದನ್ನು ಇಷ್ಟು ವರ್ಷ ಹೊತ್ತವಳು ಎದುರಿಗೇ ಕೂತಿದ್ದಳು. ದೊಡ್ಡಪ್ಪನ ಲೆಕ್ಕದಲ್ಲಿ ಹಾಸು ಕೆಡಿಸಿದವಳು ಇವತ್ತಿಗೂ ಅವಳೇ.

ಲೋಟಗಳನ್ನು ಕೆಳಗಿಟ್ಟು ಪಡಸಾಲೆಗೆ ಹೋದೆ. ಮಂಚದ ಮೇಲಿದ್ದ ದೊಡ್ಡಪ್ಪನಿಗೆ ಮೂರನೆಯ ಬಾರಿ ಹೇಳಿದೆ. ಅವರು ನನ್ನನ್ನು ಬಿಟ್ಟು, ಬಾಗಿಲಲ್ಲಿ ನಿಂತ ಮಗಳನ್ನು ನೋಡಿದರು.

“ಅವತ್ತೇ ಯಾಕಮ್ಮ ಹೇಳ್ಲಿಲ್ಲ ನೀನು?”

“ಹೇಳಿದ್ನಲ್ಲಪ್ಪ. ನೀನು ನಂಬ್ಲಿಲ್ಲ.”

ದೊಡ್ಡಪ್ಪ ಕಾಲು ಮಡಚಿಕೊಂಡು, ಮಂಚದಲ್ಲಿ ಅವಳಿಗೆ ಜಾಗ ಮಾಡಿದರು.